ಉಣ್ಣೆ ಮುಟ್ಟಿದ ಹೆಬ್ಬೆರಳು

ಬಿಳೂರಿನಲ್ಲಿ, ಹೆಂಡತಿಯ ತಂದೆಯ ಚರ್ಮದ ಕೆಲಸದ ಅಂಗಡಿಯಲ್ಲಿ, ಹಲಗೆಯಿಂದ ಎರಡು ಹೆಜ್ಜೆ ಈಚೆಗೆ ಬಾಗಿಲಿನ ಎಡಕ್ಕೆ ನಿಂತಿದ್ದೆ. ಬೆಳಗಿನ ಹತ್ತು ಗಂಟೆ. ನನಗೆ ಮದುವೆಯಾಗಿ ಅದು ಎರಡನೆಯ ಬೇಸಿಗೆ; ಮಾವನ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ.

ಹಲಗೆಯ ಮೇಲೆ ಒಂದು ತೊಡೆಪಟ್ಟಿ ಇತ್ತು. ಮಾಡಗ್ಯಾಳದ ಕುರಿ ಸಾಕುವ ಹಿರಿಯರೊಬ್ಬರ ಕೃತಕ ಕಾಲನ್ನು ತೊಡೆಗೆ ಬಿಗಿಯುವ ಪಟ್ಟಿ ಅದು. ಹೊರಗೆ ದಪ್ಪ ಚರ್ಮ, ಒಳಗೆ ಮೆತ್ತನೆಯದು. ಒಳಪದರ ಎಲ್ಲಿಯಾದರೂ ಬಿಟ್ಟುಕೊಂಡು ಮಡಿಕೆಬಿದ್ದರೆ, ಹಿಂಡಿನ ಹಿಂದೆ ನಡೆಯುವ ಆ ತೊಡೆ ಒಂದೇ ದಿನದಲ್ಲಿ ಹುಣ್ಣಾಗುತ್ತದೆ. ಅವರೂ ಅಲ್ಲೇ ಸ್ಟೂಲಿನ ಮೇಲೆ ಕುಳಿತಿದ್ದರು. ಬೆಳಿಗ್ಗೆ ಕುರಿಗಳ ಉಣ್ಣೆ ಕತ್ತರಿಸಿ ನೇರವಾಗಿ ಬಂದಿದ್ದರು.

ಮಾವ ಎರಡೂ ಪದರಗಳಿಗೆ ಸೊಲ್ಯೂಶನ್ ಅಂಟು ಹಚ್ಚಿ, ಒಣಗಲು ಬಿಟ್ಟು, ಸುತ್ತಿಗೆ ತರಲು ತಿರುಗಿದರು. ಕುರಿ ಸಾಕುವವರು ಯಾವುದನ್ನೂ ಮುಟ್ಟಿ ನೋಡದೆ ನಂಬುವುದಿಲ್ಲ. ಹಿರಿಯರು ಕೈಚಾಚಿ ದಪ್ಪ ಚರ್ಮದ ನಡುವೆ ಹೆಬ್ಬೆರಳು ಒತ್ತಿದರು. ನಾನು ನೋಡಿದೆ. ಹೇಳಲಿಲ್ಲ. ಮಾವ ಬಂದು ಪದರಗಳನ್ನು ಕೂಡಿಸಿ ಬಡಿದರು.

ಪಟ್ಟಿ ಬಾಗಿಸಿದಾಗ ನಟ್ಟನಡುವೆ, ಹೆಬ್ಬೆರಳಿನಷ್ಟೇ ಅಗಲ, ಒಳಪದರ ಉಬ್ಬಿ ನಿಂತಿತು.

"ಸೊಲ್ಯೂಶನ್ ಹಳೇದು ಇರಬೇಕು ಮೇಸ್ತ್ರಿ," ಎಂದರು ಹಿರಿಯರು. "ಇಲ್ಲಾ ನೀನ ಹಳೇದ ಆಗಿ."

ಮಾವ ನಗಲಿಲ್ಲ. ತಮ್ಮ ಕೈಗಳನ್ನೇ ತಿರುಗಿಸಿ ನೋಡಿಕೊಂಡರು. "ಇರಲಿ, ಹೊಲಿಗಿ ಹಿಡೀತದ," ಎಂದು ಸೂಜಿಗೆ ಕೈಹಾಕಿದರು. ಹೊಲಿಗೆ ಅಂಚನ್ನಷ್ಟೇ ಹಿಡಿಯುತ್ತದೆ ಎಂದು ನನಗೆ ಕಲಿಸಿದವರು ಅವರೇ.

"ಹೊಲೀಬ್ಯಾಡ್ರಿ ಮಾವಾ. ಕಾಕಾ ನಡುವ ಹೆಬ್ಬಟ್ಟ ಒತ್ತ್ಯಾರ. ನಾ ಕಣ್ಣಾರೆ ನೋಡೀನಿ," ಎಂದೆ.

ಹಿರಿಯರು ಹೆಬ್ಬೆರಳನ್ನು ಮೂಸಿದರು. "ಖರೇನ ಅದ. ಕುರಿ ಜಿಡ್ಡು. ಮೇಸ್ತ್ರಿ, ಅಳಿಯ ಸಾಕ್ಷಿ ಹೇಳಿದ, ದಂಡ ಹಾಕು."

"ದಂಡ ಇಷ್ಟ. ಎರಡೂ ಕೈ ಬೆನ್ನ ಹಿಂದ ಇಟಗೊಂಡು ಕುಂದ್ರು," ಎಂದ ಮಾವ ಕುಂಚವನ್ನು ನನ್ನ ಕೈಗೆ ಕೊಟ್ಟರು.

ಒಳಪದರ ಕಿತ್ತು ಹೊಸದನ್ನು ಕತ್ತರಿಸಿದೆ. ಹಳೆಯ ಅಂಟನ್ನು ಒಣಗಿದ ಅಂಟಿನ ಉಂಡೆಯಿಂದಲೇ ತಿಕ್ಕಿದರೆ ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ. ಜಿಡ್ಡನ್ನು ಪೆಟ್ರೋಲ್ ಬಟ್ಟೆಯಿಂದ ಒರೆಸಿ, ಆರಿದ ಮೇಲೆ ಉಪ್ಪುಕಾಗದದಿಂದ ಉಜ್ಜಿದೆ. ಎರಡೂ ಕಡೆ ತೆಳ್ಳಗೆ ಅಂಟು ಬಳಿದೆ. ಹೊಳಪು ಹೋಗುವವರೆಗೆ ಕಾದೆ. ಕತ್ತರಿಸಿ ಎಸೆಯುವ ಅಂಚಿಗೆ ಮಾತ್ರ ಬೆರಳಗೆಣ್ಣಿನ ಹಿಂಭಾಗ ತಾಗಿಸಿ ನೋಡಿದೆ; ಅಂಟಲಿಲ್ಲ. ಈ ಅಂಟು ತಾಗಿದ ಕ್ಷಣವೇ ಹಿಡಿಯುತ್ತದೆ, ಸರಿಸಲು ಬರುವುದಿಲ್ಲ. ಅದಕ್ಕೆ ನಡುವೆ ಕಾಗದವಿಟ್ಟು, ಒಂದು ತುದಿಯಿಂದ ಕೂಡಿಸುತ್ತ, ಕಾಗದವನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆಳೆದೆ. ನಡುವಿನಿಂದ ಅಂಚಿಗೆ ಬಡಿದೆ. ಮಾವ ಬಾಗಿಸಿ ನೋಡಿದರು. ಎಲ್ಲಿಯೂ ಉಬ್ಬಲಿಲ್ಲ. ಹೊಲಿಗೆ ಅವರೇ ಹಾಕಿದರು.

ಹಿರಿಯರು ಪಟ್ಟಿ ಬಿಗಿದುಕೊಂಡು ಎದುರಿನ ಬೇವಿನ ಮರದವರೆಗೆ ಹೋಗಿ ಬಂದರು. "ಚಲೋ ಕುಂತದ," ಎಂದರು.

ನಾನು ಅಂದು ಬಾಯಿ ಬಿಡುವುದು ಒಂದು ಹೊಲಿಗೆ ಹಾಕುವಷ್ಟು ತಡವಾಗಿದ್ದರೂ ಸೂಜಿ ಚರ್ಮಕ್ಕೆ ಇಳಿದಿರುತ್ತಿತ್ತು. ಆಮೇಲೆ ಅಂಥ ಎಷ್ಟೋ ಪಟ್ಟಿಗಳನ್ನು ಮಾಡಿದ್ದೇನೆ, ಒಂದರ ಒಳಪದರವೂ ಬಿಟ್ಟುಕೊಂಡಿಲ್ಲ. ಆದರೂ ಅಂಟು ಒಣಗುವಾಗ ಹಲಗೆಗೆ ಬೆನ್ನು ಮಾಡುವುದಿಲ್ಲ.

ಮಾವ ಈಗಿಲ್ಲ. ಅಂದು ಕಂಡವರಲ್ಲಿ ನನ್ನನ್ನು ಬಿಟ್ಟರೆ ಇನ್ನೂ ಇಬ್ಬರಿದ್ದಾರೆ. ಮಾಡಗ್ಯಾಳದ ಹಿರಿಯರು ಅದೇ ಪಟ್ಟಿಯಲ್ಲಿ ನಡೆಯುತ್ತಾರೆ. ಆಗ ಒಳಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಅತ್ತೆ, ತಾವೂ ಹೆಬ್ಬೆರಳನ್ನು ಕಂಡಿದ್ದಾಗಿ ಮೊನ್ನೆ ಹೇಳಿದರು. "ನೀ ಹೇಳ್ತಿಯೋ ಇಲ್ಲೋ ಅಂತ ಉಸಿರ ಹಿಡಿದು ನಿಂತಿದ್ನೆಪಾ."