ಏಳವ್ವ, ಆ ಕುರ್ಚಿ ನಂದು

ಅಜ್ಜಂಪುರದಿಂದ ಕಡೂರಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು ನನ್ನ ಪಕ್ಕದಲ್ಲೇ ನಿಂತುಕೊಂಡು, ನನ್ನ ತಲೆಯ ಮೇಲಿಂದ ಅವ್ವನನ್ನು ಕೇಳುತ್ತಾರೆ: "ಇವ್ರು ಎಲ್ಲಿಗಮ್ಮ?" ಆಧಾರ್ ಕಾರ್ಡು ಕೈಯಲ್ಲಿ ಹಿಡಿದು ಕೂತಿರುವವಳು ನಾನು. ಹಲ್ಲಿನ ಡಾಕ್ಟರು ನನ್ನ ಬಾಯಿ ತೆಗೆಸಿ, ದೀಪ ಹಾಕಿ ನೋಡಿ, "ಇವ್ರಿಗೆ ತಣ್ಣೀರು ಕುಡಿದ್ರೆ ಜುಂ ಅನ್ನುತ್ತಾ?" ಎಂದು ಅವ್ವನನ್ನು ಕೇಳುತ್ತಾರೆ. ಹಲ್ಲು ನನ್ನದು. ಬೀರೂರಿನ ಚಪ್ಪಲಿ ಅಂಗಡಿಯಲ್ಲಂತೂ ನನ್ನ ಕಾಲನ್ನು ಕೈಯಲ್ಲಿ ಹಿಡಿದುಕೊಂಡೇ, "ಬಿಗಿ ಆಯ್ತೇನಮ್ಮ ಇವ್ರಿಗೆ?" ಎಂದು ಅವ್ವನ ಮುಖ ನೋಡಿದ ಮಹಾನುಭಾವರಿದ್ದಾರೆ. ಅವ್ವ ಎಲ್ಲಕ್ಕೂ ಉತ್ತರ ಕೊಡುತ್ತಾಳೆ. ಬಿಗಿಯೋ ಸಡಿಲವೋ ಅವಳಿಗೆ ಹೇಗೆ ಗೊತ್ತು ಎಂದು ಯಾರೂ ಕೇಳಿದ್ದಿಲ್ಲ.

ನನಗೆ ಆಟಿಸಂ ಇದೆ. ಚಿಕ್ಕಂದಿನಲ್ಲಿ ನಮ್ಮೂರಿನಲ್ಲಿ ಇದಕ್ಕೆ ಬೇರೆ ಹೆಸರುಗಳಿದ್ದವು: ಮೊಂಡು, ಹಟಮಾರಿ, ಗಾಳಿ ಸೋಕಿದ್ದು. ಶಿವಮೊಗ್ಗದ ಡಾಕ್ಟರೊಬ್ಬರು ಆ ಪದ ಹೇಳುವ ಹೊತ್ತಿಗೆ ನಾನು ಡಿಗ್ರಿ ಮುಗಿಸಿದ್ದೆ. ಈಗ ನನಗೆ ಮೂವತ್ತೈದು ದಾಟಿದೆ. ಬೆಳಿಗ್ಗೆ ರೈಲು ಹತ್ತಿ ಬೀರೂರಿಗೆ ಹೋಗಿ, ಅಲ್ಲೊಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುತ್ತೇನೆ. ಬಸ್ಸಿನ ಹಾರನ್ ಕೇಳಿದರೆ ನನಗೆ ಕಿವಿಯೊಳಗೆ ಮೊಳೆ ಹೊಡೆದ ಹಾಗಾಗುತ್ತದೆ. ಜನರ ಕಣ್ಣನ್ನು ನೋಡುತ್ತಾ ಮಾತಾಡು ಎಂದರೆ ಎರಡರಲ್ಲಿ ಒಂದು ಮಾತ್ರ ಸಾಧ್ಯ. ಯಾರಾದರೂ ಏನಾದರೂ ಕೇಳಿದರೆ ಉತ್ತರ ನನ್ನೊಳಗೆ ಇರುತ್ತದೆ, ಬಾಯಿಗೆ ಬರಲು ಹೊತ್ತು ಹಿಡಿಯುತ್ತದೆ. ಆ ಹೊತ್ತನ್ನು ಜನ ತಡೆಯುವುದಿಲ್ಲ, ಅವ್ವನೂ ತಡೆಯುವುದಿಲ್ಲ. ನನ್ನ ಉತ್ತರ ಹೊಸ್ತಿಲಿಗೆ ಬರುವಷ್ಟರಲ್ಲಿ ಅವಳ ಉತ್ತರ ಬೀದಿ ದಾಟಿರುತ್ತದೆ. ಪ್ರೀತಿಯಿಂದಲೇ ಮಾಡುತ್ತಾಳೆ, ಅದೇ ಕಷ್ಟ.

ಅವ್ವನ ಬಗ್ಗೆ ಒಂದು ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ನಾನು ಹೈಸ್ಕೂಲಿಗೆ ಸೇರುವ ಮುಂಚೆ ಅವ್ವ ಮಹಿಳಾ ಮೀಸಲಿನಲ್ಲಿ ನಮ್ಮ ಪಂಚಾಯ್ತಿಗೆ ಗೆದ್ದು ಅಧ್ಯಕ್ಷೆಯಾದಳು. ಗೆದ್ದವಳು ಅವ್ವ, ಹಾರ ಹಾಕಿಸಿಕೊಂಡವನು ಅಪ್ಪ. ಅಧ್ಯಕ್ಷರ ಕುರ್ಚಿಯಲ್ಲಿ ಅಪ್ಪನೇ ಕೂರುತ್ತಿದ್ದ, ಸಹಿ ಬೇಕಾದ ಕಾಗದ ಮನೆಗೆ ಬರುತ್ತಿತ್ತು. ಸುತ್ತಲ ಹಳ್ಳಿಗಳಲ್ಲೂ ಹಾಗೇ ನಡೆಯುತ್ತಿದ್ದರಿಂದ ಯಾರಿಗೂ ಅದು ವಿಚಿತ್ರವಾಗಿ ಕಾಣುತ್ತಿರಲಿಲ್ಲ. ತರೀಕೆರೆಯಿಂದ ಬಂದ ಅಧಿಕಾರಿ ಒಮ್ಮೆ ಅಧ್ಯಕ್ಷರೆಲ್ಲಿ ಎಂದು ಕೇಳಿದ್ದಕ್ಕೆ ಅಪ್ಪ ನಗುತ್ತಾ, "ಅವಳಿಗೆ ಮಾತಾಡಾಕೆ ಬರಲ್ಲ ಕಣ್ರೀ, ನಾನು ಹೇಳ್ತೀನಿ ಬಿಡಿ" ಅಂದಿದ್ದ. ಅಪ್ಪ ಕೆಟ್ಟವನಲ್ಲ. ಹೆಂಡತಿಗೆ ತೊಂದರೆ ಕೊಡಬಾರದು ಅಂತಲೇ ತಾನು ಕೂತಿದ್ದೇನೆ ಎಂದು ನಿಜವಾಗಿ ನಂಬಿದ್ದ.

ನೀರಿನ ಪೈಪು ನಮ್ಮ ಕೇರಿಗೆ ಬರದೆ ಹಿಂದಿನ ಬೀದಿಗೇ ನಿಲ್ಲುತ್ತದೆ, ಅದಕ್ಕೆ ಅಪ್ಪ ಆಗಲಿ ಎಂದು ತಲೆ ಆಡಿಸಿ ಬಂದಿದ್ದಾನೆ ಎನ್ನುವುದು ಅವ್ವನಿಗೆ ಗೊತ್ತಾದದ್ದು ಬಾವಿಯ ಹತ್ತಿರ. ಕೊಡವನ್ನು ಅಲ್ಲೇ ಇಟ್ಟು, ನನ್ನ ಕೈ ಹಿಡಿದುಕೊಂಡು, ಸೀದಾ ಪಂಚಾಯ್ತಿ ಆಫೀಸಿಗೆ ನಡೆದಳು. ಒಳಗೆ ಮೀಟಿಂಗ್ ನಡೆಯುತ್ತಿತ್ತು. ಫ್ಯಾನು ಕಿರ್ರೋ ಎನ್ನುತ್ತಿದ್ದುದರಿಂದ ನಾನು ಒಂದು ಕಿವಿಯನ್ನು ಭುಜಕ್ಕೆ ಒತ್ತಿಕೊಂಡಿದ್ದೆ, ಇನ್ನೊಂದಕ್ಕೆ ಬೆರಳು ಹಾಕಿಕೊಂಡಿದ್ದೆ. ಅವ್ವ ಕುರ್ಚಿಯ ಪಕ್ಕದಲ್ಲಿ ನಿಂತು, "ಏಳ್ರೀ, ಗೆದ್ದಿರೋಳು ನಾನು" ಅಂದಳು. ಅಪ್ಪ ನಕ್ಕ. "ಮನೆಗ್ ನಡಿ, ಆಮೇಲೆ ಮಾತಾಡಾಣ" ಅಂದ. ಅವ್ವ ಜಾಗ ಬಿಡಲಿಲ್ಲ. ಅಲ್ಲೇ ನಿಂತಳು, ನನ್ನ ಕೈಯನ್ನು ನೋಯುವಷ್ಟು ಹಿಡಿದುಕೊಂಡು. ಕೊನೆಗೆ ಅಪ್ಪ ಎದ್ದ. ನಮ್ಮ ಕೇರಿಗೆ ನಲ್ಲಿ ಬಂತು. ಸಾಯುವ ತನಕ ಅಪ್ಪ ಟೀ ಅಂಗಡಿಯಲ್ಲಿ ಇದನ್ನು ತಾನೇ ಹೇಳಿಕೊಂಡು ನಗುತ್ತಿದ್ದ: "ನನ್ನ ಎಬ್ಬಿಸ್ಬಿಟ್ಲು ಕಣ್ರಪ್ಪಾ."

ಈಚೆಗೆ ಅಂಗವಿಕಲರ ಯೋಜನೆಗಳಿಗೆ ಸಲಹೆ ಕೊಡಲು ಕಡೂರು, ತರೀಕೆರೆ, ಅಜ್ಜಂಪುರ ಮೂರು ತಾಲ್ಲೂಕಿಗೂ ಸೇರಿ ಒಂದು ಸಮಿತಿ ಮಾಡಿದರು. ಆಟಿಸಂ ಇರುವವರ ಪ್ರತಿನಿಧಿ ಎಂದು ನೇಮಕವಾದವಳು ಅವ್ವ. ಅವಳಿಗೆ ಬಹಳ ಸಂತೋಷವಾಯಿತು. ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಟಳು, ನನ್ನನ್ನೂ ಜೊತೆಗೆ ಕರೆದುಕೊಂಡಳು. ಕಡೂರಿನ ಆಫೀಸಿನಲ್ಲಿ ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದಳು. ಕಿಟಕಿ ತೆರೆದಿತ್ತು. ಕಣ್ಣು ಕಾಣದವರ ಕುರ್ಚಿಯಲ್ಲಿ ಕಣ್ಣು ಕಾಣದ ಸಂಗೀತ ಮೇಷ್ಟ್ರು ಕೂತಿದ್ದರು. ಕಾಲಿಲ್ಲದವರ ಕುರ್ಚಿಯಲ್ಲಿ ಮೂರು ಚಕ್ರದ ಸ್ಕೂಟರಿನಲ್ಲಿ ತರೀಕೆರೆಯಿಂದ ಬಂದ ಒಬ್ಬರಿದ್ದರು. ನಮ್ಮ ಕುರ್ಚಿಯಲ್ಲಿ ಮಾತ್ರ ನಮ್ಮ ಅವ್ವ, ಪಕ್ಕದಲ್ಲಿ ವಿಶೇಷ ಮಕ್ಕಳ ಶಾಲೆ ನಡೆಸುವ ಮೇಡಂ. ಮೀಟಿಂಗ್ ನಡೆಸುತ್ತಿದ್ದ ಸಾಹೇಬರು ಸೌಜನ್ಯಕ್ಕೆ, "ಮಗಳೂ ಬಂದಿದಾರಲ್ಲ, ಅವರದ್ದೇನಾದ್ರೂ ಅಭಿಪ್ರಾಯ?" ಎಂದು ಕೇಳಿದರು. ನನ್ನ ಉತ್ತರ ಹೊರಡುತ್ತಿತ್ತು. ಅಷ್ಟರಲ್ಲಿ ಅವ್ವ ನಗುತ್ತಾ ಹೇಳಿದಳು: "ಅವಳಿಗೆ ಮಾತಾಡಾಕೆ ಬರಲ್ಲ ಸಾರ್, ನಾನು ಹೇಳ್ತೀನಿ ಬಿಡಿ."

ಅದೇ ಮಾತು, ಅದೇ ನಗು. ನನಗೆ ಮೈಯೆಲ್ಲ ಉರಿದುಹೋಯಿತು.

ಅವತ್ತು ಅವರು ಮಾತಾಡಿದ್ದು ಒಂದು ಮನೆಯ ಬಗ್ಗೆ. ತಂದೆತಾಯಿ ಹೋದ ಮೇಲೆ ನಮ್ಮಂಥವರು ಇರಲು ತರೀಕೆರೆ ರಸ್ತೆಯಲ್ಲಿ ಒಂದು ವಸತಿ ಮನೆ ಕಟ್ಟಬೇಕು, ಎತ್ತರದ ಕಾಂಪೌಂಡು ಬೇಕು, ಗೇಟಿಗೆ ಬೀಗ ಇರಬೇಕು, ಬೆಳಿಗ್ಗೆ ಪ್ರಾರ್ಥನೆ, ಮಧ್ಯಾಹ್ನ ಮೊಂಬತ್ತಿ ಮಾಡುವುದು. ಬರುವಾಗ ಬಸ್ಸಿನಲ್ಲಿ ಅವ್ವ ಅದನ್ನೇ ಹೇಳುತ್ತಿದ್ದಳು. ಅವಳ ದನಿಯಲ್ಲಿ ಅಷ್ಟು ನೆಮ್ಮದಿಯನ್ನು ನಾನು ಕೇಳಿ ಬಹಳ ವರ್ಷವಾಗಿತ್ತು. ತಾನು ಸತ್ತ ಮೇಲೆ ನನ್ನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಹೆದರಿಕೆಗೆ ಕೊನೆಗೂ ಒಂದು ಕಟ್ಟಡ ಸಿಕ್ಕಿತ್ತು. ಆ ಕಟ್ಟಡದೊಳಗೆ ಇರಬೇಕಾದವಳು ನಾನು. ನನ್ನ ರೈಲು, ನನ್ನ ಪ್ರೆಸ್ಸು, ಸಂಜೆ ಸ್ಟೇಷನ್ನಿನಿಂದ ಒಬ್ಬಳೇ ನಡೆದು ಬರುವ ದಾರಿ, ಇವೆಲ್ಲ ಆ ಗೇಟಿನ ಹೊರಗೆ ಉಳಿಯುತ್ತವೆ. ಮೊಂಬತ್ತಿಯ ವಾಸನೆಗೆ ನನಗೆ ವಾಂತಿ ಬರುತ್ತದೆ ಎನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ಆ ಕುರ್ಚಿಯಲ್ಲಿ ನಾನು ಕೂರಬೇಕು ಎಂದರೆ, ಮಾತಾಡಬಲ್ಲ ನೀನು ಮಾತೇ ಬಾರದವರ ಪರವಾಗಿ ಹೇಗೆ ಕೂರುತ್ತೀ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ, ಕೇಳಲಿ. ಬುಕ್ಕಾಂಬುಧಿಯಲ್ಲಿ ನಮ್ಮ ದೂರದ ನೆಂಟರ ಮನೆಯಲ್ಲಿ ನನಗಿಂತ ದೊಡ್ಡವನೊಬ್ಬ ಇದ್ದಾನೆ, ಆಟಿಸಂ ಇರುವವನು. ಗಡ್ಡ ನೆರೆಯುತ್ತಿದೆ, ಮನೆಯವರು ಇನ್ನೂ ಮಗು ಎನ್ನುತ್ತಾರೆ. ಒಂದು ಪದವನ್ನೂ ಆಡುವುದಿಲ್ಲ. ನಾನು ಹೋದಾಗ ಇಬ್ಬರೂ ಕೆರೆ ಏರಿಯ ಮೇಲೆ ಕೂರುತ್ತೇವೆ. ಅವನು ನೀರನ್ನು ನೋಡುತ್ತಾ ಬೆರಳು ಆಡಿಸುತ್ತಾನೆ, ನಾನೂ ಆಡಿಸುತ್ತೇನೆ, ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಬೇಡವಾದ ಕಡೆ ಕರೆದುಕೊಂಡು ಹೊರಟರೆ ಅವನು ರಸ್ತೆಯ ಮಧ್ಯೆಯೇ ಕೂತುಬಿಡುತ್ತಾನೆ. ಅದನ್ನು ಶಾಲೆಯ ಮೇಡಂ ಹಟ ಎನ್ನುತ್ತಾರೆ, ಅವನ ತಾಯಿ ಗ್ರಹಚಾರ ಎನ್ನುತ್ತಾಳೆ. ನನಗೆ ಅದು "ಬೇಡ" ಎಂದು ಕೇಳಿಸುತ್ತದೆ. ಅವನ ಮನಸ್ಸನ್ನೆಲ್ಲ ನಾನು ಬಲ್ಲೆ ಎಂದು ಹೇಳುವಷ್ಟು ಕೊಬ್ಬು ನನಗಿಲ್ಲ. ಆದರೆ ಅವನ "ಬೇಡ"ವನ್ನು "ಬೇಡ" ಎಂದೇ ಆ ಮೇಜಿನ ಮೇಲೆ ಇಡುವ ಒಬ್ಬರಾದರೂ ಅಲ್ಲಿರಬೇಕಲ್ಲ.

ಮನೆಗೆ ಬಂದು ಎರಡು ದಿನ ನಾನು ಮಾತುಗಳನ್ನು ಒಳಗೇ ಜೋಡಿಸಿಕೊಂಡೆ. ಅವ್ವ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಾಗ ಹೇಳಿದೆ: "ಮುಂದಿನ್ ಸಲ ಮೀಟಿಂಗಿಗೆ ನಾನು ಹೋಗ್ತೀನಿ. ನೀನು ಬೇಡ."

"ನೀನಾ? ಅಲ್ಲಿ ಹತ್ತು ಜನ ಒಟ್ಟಿಗೆ ಮಾತಾಡ್ತಾರೆ ಕಣೇ. ನಿಂಗೆ ತಲೆ ಕೆಟ್ಟೋಯ್ತದೆ."

"ಕೆಡ್ಲಿ. ನನ್ ತಲೆ."

"ನಿನ್ನ ಹೆತ್ತು ಸಾಕಿರೋಳು ನಾನು. ನಿಂಗೇನು ಬೇಕು ಅಂತ ನಂಗೊತ್ತಿಲ್ವಾ?"

"ಅಪ್ಪಂಗೂ ಹಂಗೇ ಅನ್ನಿಸಿತ್ತು" ಅಂದೆ. "ನೀನೀಗ ಅಪ್ಪನ ಕುರ್ಚೀಲಿ ಕೂತಿದೀಯ ಅವ್ವ."

ಕೋಲು ನಿಂತಿತು. ತಿರುವುವುದು ಬಿಟ್ಟರೆ ಹಿಟ್ಟು ಗಂಟಾಗುತ್ತದೆ, ಅವತ್ತು ಹಾಗೇ ಆಯಿತು. ಅವ್ವ ಆ ಗಂಟು ಮುದ್ದೆಯನ್ನೇ ನನ್ನ ತಟ್ಟೆಗೆ ಹಾಕಿ, ತಾನು ಉಣ್ಣದೆ ಹೊರಗೆ ಹೋಗಿ ಕೂತಳು. ಆಮೇಲೆ ನಮ್ಮ ಮಧ್ಯೆ ಮಾತು ನಿಂತಿತು. ಮಾತಿಲ್ಲದಿರುವುದು ನನಗೇನೂ ಹೊಸದಲ್ಲ, ಕಷ್ಟವಾದದ್ದು ಅವಳಿಗೆ. ಆದರೂ ಹೇಳುತ್ತೇನೆ, ಆ ದಿನಗಳಲ್ಲಿ ನನಗೆ ಅಳು ಬರುತ್ತಿತ್ತು. ಅವಳನ್ನು ನೋಯಿಸಿದೆ ಎಂದು ದುಃಖವಿತ್ತು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸು ಮಾತ್ರ ಒಮ್ಮೆಯೂ ಆಗಲಿಲ್ಲ.

ಮುಂದಿನ ಮೀಟಿಂಗಿಗೆ ಅವ್ವ ನನ್ನನ್ನು ಕರೆಯದೆ ಹೊರಟಳು. ನಾನು ಪ್ರೆಸ್ಸಿಗೆ ರಜೆ ಹೇಳಿ, ಬೀರೂರಿನಲ್ಲಿ ಇಳಿಯದೆ ರೈಲಿನಲ್ಲೇ ಕಡೂರಿನವರೆಗೆ ಹೋದೆ. ಬಾಯಿ ಕೈಕೊಟ್ಟರೆ ಇರಲಿ ಎಂದು ಹೇಳಬೇಕಾದ್ದನ್ನು ಫೋನಿನಲ್ಲಿ ದಪ್ಪ ಅಕ್ಷರದಲ್ಲಿ ಟೈಪ್ ಮಾಡಿಕೊಂಡಿದ್ದೆ. ನಾನು ಹೋಗುವ ಹೊತ್ತಿಗೆ ಎಲ್ಲರೂ ಕೂತಾಗಿತ್ತು, ಮೇಜಿನ ಮೇಲೆ ಆ ವಸತಿ ಮನೆಯ ನಕ್ಷೆ ಹರಡಿತ್ತು. ನಾನು ಒಳಗೆ ಹೋಗಿ ಅವ್ವನ ಕುರ್ಚಿಯ ಪಕ್ಕದಲ್ಲಿ ನಿಂತೆ.

"ಹೊರಗೆ ಬೆಂಚಿದೆಯಲ್ಲಮ್ಮ" ಎಂದರು ಮೇಡಂ, ಮಗುವಿಗೆ ಹೇಳುವ ದನಿಯಲ್ಲಿ.

"ಏಳವ್ವ" ಅಂದೆ. "ಆ ಕುರ್ಚಿ ನಂದು."

ಅವ್ವ ತಲೆ ಎತ್ತಿ ನೋಡಿದಳು. ನಾನು ಅವಳ ಕಣ್ಣನ್ನು ನೋಡಲಿಲ್ಲ, ಕುರ್ಚಿಯ ಕೈಹಿಡಿಯನ್ನು ನೋಡುತ್ತಿದ್ದೆ. ಆದೇಶದಲ್ಲಿ ತಾಯಿಯವರ ಹೆಸರಿದೆ ಎಂದರು ಸಾಹೇಬರು. ಇವರಿಗೆ ಇದೆಲ್ಲ ಒತ್ತಡ ಆಗುತ್ತದೆ ಎಂದರು ಮೇಡಂ. ಒತ್ತಡವಾಗುತ್ತಲೇ ಇತ್ತು. ನನ್ನ ಬಲಗೈ ತಾನಾಗಿ ಆಡುತ್ತಿತ್ತು. ಮೊದಲಾಗಿದ್ದರೆ ಸೆರಗಿನೊಳಗೆ ಬಚ್ಚಿಡುತ್ತಿದ್ದೆ, ಅವತ್ತು ಎಲ್ಲರ ಎದುರಿಗೆ ಆಡಲು ಬಿಟ್ಟೆ. ಸಂಗೀತ ಮೇಷ್ಟ್ರು ಮಾತ್ರ, "ಕೂತ್ಕೊಳ್ಳಲಿ ಬಿಡಿ ಸಾರ್. ನನ್ನ ಕುರ್ಚೀಲಿ ನಮ್ಮಮ್ಮ ಕೂತಿಲ್ವಲ್ಲ" ಅಂದರು. ಒಂದಿಬ್ಬರು ನಕ್ಕರು. ಅವ್ವ ನಗಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದಳು, ಪಂಚಾಯ್ತಿ ಆಫೀಸಿನಲ್ಲಿ ಅವಳು ಹಿಡಿದುಕೊಂಡು ನಿಂತಿದ್ದ ಕೈ ಅದು.

ಅವಳು ಎದ್ದಳು, ಸಿಟ್ಟಿನಿಂದಲೇ ಎದ್ದಳು. "ಕೂತ್ಕೋ" ಅಂದಳು. "ಆದ್ರೆ ಆ ಮನೆ ಬೇಕು ಅನ್ನೋದು ನಾನು ಬಿಟ್ಟಿಲ್ಲ. ಗೋಡೆ ಹತ್ರ ಕೂತ್ಕಂಡು ಜಗಳ ಆಡ್ತೀನಿ."

"ಆಡು" ಅಂದೆ.

"ಆದೇಶ ನೀವು ಬದಲಾಯಿಸ್ಕೊಳ್ಳಿ ಸಾರ್. ರಾಜೀನಾಮೆ ನಾನು ಬರ್ಕೊಡ್ತೀನಿ" ಎಂದು ಸಾಹೇಬರಿಗೆ ಹೇಳಿ, ಗೋಡೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು.

ನಾನು ಕೂತೆ. ಕುರ್ಚಿ ಇನ್ನೂ ಬೆಚ್ಚಗಿತ್ತು. ನಕ್ಷೆಯನ್ನು ಹತ್ತಿರಕ್ಕೆ ಎಳೆದುಕೊಂಡು ಗೇಟನ್ನು ಹುಡುಕಿದೆ. ಮಾತು ಬರಲು ಹೊತ್ತು ಹಿಡಿಯಿತು, ಮೇಡಂ ಗಂಟಲು ಸರಿಮಾಡಿಕೊಂಡರು, ಯಾರೋ ಗಡಿಯಾರ ನೋಡಿದರು. ಗೋಡೆಯ ಕಡೆಯಿಂದ ಯಾವ ಉತ್ತರವೂ ಬರಲಿಲ್ಲ. ನನ್ನ ಮಾತಿಗಾಗಿ ಅವ್ವ ಕಾದು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೊನೆಗೆ ಮಾತು ಬಂತು, ಫೋನು ಬೇಕಾಗಲಿಲ್ಲ.

"ಈ ಗೇಟಿನ ಬೀಗದ ಕೈ ಯಾರ ಹತ್ರ ಇರುತ್ತೆ? ಒಳಗಿರೋರ ಹತ್ರಾನಾ, ಹೊರಗಿರೋರ ಹತ್ರಾನಾ?"

ಸಾಹೇಬರು ಕನ್ನಡಕ ತೆಗೆದರು. ನಕ್ಷೆ ನೋಡಿದರು, ಮೇಡಂ ಕಡೆ ನೋಡಿದರು. ಆಮೇಲೆ, ಇಷ್ಟು ವರ್ಷ ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ ಎಲ್ಲರೂ ಮಾಡಿದ ಹಾಗೇ, ನನ್ನ ತಲೆಯ ಮೇಲಿಂದ ಗೋಡೆಯ ಕಡೆ ತಿರುಗಿ, "ಅದು ಏನಂದ್ರೆ ಅಮ್ಮ..." ಎಂದು ಶುರುಮಾಡಿದರು.

"ನನ್ ಕಡೆ ಯಾಕ್ ನೋಡ್ತೀರಾ?" ಅಂದಳು ಅವ್ವ. "ಕೇಳಿದ್ದು ಅವಳು. ಅವಳಿಗೆ ಹೇಳಿ."