ಅವ್ವನ ಕೆಳಗಿನ ಸೆಟ್ಟು

ನನ್ನ ಅವ್ವ ತಾನು ಮಾಡಿದ ಅಡುಗೆಯ ರುಚಿ ನೋಡುತ್ತಿರಲಿಲ್ಲ. ಹೂರಣಕ್ಕೆ ಬೆಲ್ಲ ಸಾಕೋ ಬೇಕೋ ಎಂಬುದನ್ನು ಅದು ಸೌಟಿಗೆ ಅಂಟಿಕೊಳ್ಳುವ ಬಗೆಯಿಂದ ತಿಳಿಯುತ್ತಿದ್ದಳು; ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಎಂಬುದನ್ನು ಅದರ ಆವಿಯಿಂದ. ರಾಯದುರ್ಗದ ನಮ್ಮ ಓಣಿಯ ಸುತ್ತಲಿನ ಶಿವಪೂಜೆಯ ಮನೆಗಳಲ್ಲಿ ಮದುವೆ, ಬಸುರಿಗೆ ಮಾಡುವ ಕುಬುಸ, ಗೃಹಪ್ರವೇಶ ಯಾವುದೇ ಇರಲಿ, ಹೋಳಿಗೆಗೆ ಅವಳಿಗೇ ಕರೆ ಬರುತ್ತಿತ್ತು. ಆ ಮನೆಗಳವರು ಅಡುಗೆಯಾಕೆಯ ಕೈರುಚಿಗಿಂತ ಮೊದಲು ಒಂದನ್ನು ಗಮನಿಸುತ್ತಿದ್ದರು: ನೈವೇದ್ಯವಾಗುವ ತನಕ ಈಕೆಯ ಕೈ ಬಾಯಿಯ ಹತ್ತಿರ ಸುಳಿಯುತ್ತದೆಯೇ? ಬಾಯಿಗೆ ಹೋದ ಕೈ ಎಂಜಲು. ಎಂಜಲು ಕೈ ತಾಗಿದ ಕಣಕ ದೇವರಿಗೆ ಸಲ್ಲದು. ಅವ್ವನ ಕೈ ಎಂದೂ ಹಾಗೆ ಹೋದದ್ದಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಣ್ಣನನ್ನೂ ನನ್ನನ್ನೂ ಬೆಳೆಸಿದ್ದು, ನಮ್ಮ ಮನೆತನದಲ್ಲಿ ಮೊದಲ ಬಾರಿಗೆ ಒಬ್ಬಳನ್ನು ಪದವಿಯವರೆಗೆ ಓದಿಸಿದ್ದು ಅದೇ ಕೈ. ಆ ಪದವಿಯ ಬಲದಿಂದಲೇ ನಾನಿಂದು ಮಡಕಶಿರಾದ ಕನ್ನಡ ಮಾಧ್ಯಮದ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೇನೆ.

ಅವ್ವನ ಹಲ್ಲುಗಳು ಒಸಡಿನ ರೋಗದಿಂದ ಒಂದೊಂದಾಗಿ ಸಡಿಲಗೊಂಡವು. ಕೊನೆಗೆ ಎಲ್ಲವನ್ನೂ ಕೀಳಿಸಿ ಮೇಲಕ್ಕೊಂದು, ಕೆಳಕ್ಕೊಂದು ಕೃತಕ ಹಲ್ಲಿನ ಸೆಟ್ಟು ಹಾಕಿಸಿದೆವು. ಮೇಲಿನದು ಅಂಗುಳಕ್ಕೆ ಹಿಡಿದುಕೊಂಡು ನಿಂತಿತು. ಕೆಳಗಿನದು ನಿಲ್ಲಲಿಲ್ಲ. ಕೆಲವು ತಿಂಗಳುಗಳಲ್ಲಿ ಅದು ಎಷ್ಟು ಸಡಿಲವಾಯಿತೆಂದರೆ, ಮಾತನಾಡುವಾಗ ನಾಲಿಗೆಯೊಡನೆ ಮೇಲೆದ್ದು ಟಕ್ಕೆಂದು ಸದ್ದು ಮಾಡುತ್ತಿತ್ತು. ಹಾಕಿಕೊಳ್ಳದೆ ಇರೋಣವೆಂದರೆ ಬರಿಯ ಒಸಡಿನಿಂದ ಮಾತಿನ ಜೊತೆಗೆ ಉಗುಳು ಹಾರುತ್ತಿತ್ತು. ಒಲೆಯ ಮುಂದೆ ಕುಳಿತವಳು ನಾಲ್ಕು ಜನ ಸಹಾಯಕಿಯರಿಗೆ ಒಂದೇ ಸಮನೆ ಹೇಳುತ್ತಿರಬೇಕು. ಬಾಯಿ ಮುಚ್ಚಿ ಮಾಡುವ ಕೆಲಸವಲ್ಲ ಅದು.

ಒಂದು ಗೃಹಪ್ರವೇಶದಲ್ಲಿ ಅವ್ವ ಕಣಕ ನಾದುತ್ತ ಯಾರಿಗೋ ಬೇಳೆ ಬಸಿಯಲು ಹೇಳುತ್ತಿದ್ದಳಂತೆ. ಕೆಳಗಿನ ಸೆಟ್ಟು ಜಾರಿತು. ಅವಳು ಎಡಗೈಯ ಹೆಬ್ಬೆರಳಿನಿಂದ ಅದನ್ನು ಒಳಗೆ ಒತ್ತಿಕೊಂಡಳು. ಕಣಕದಲ್ಲಿದ್ದುದು ಬಲಗೈ. ಆದರೂ ತಾನಾಗಿಯೇ ಎದ್ದು ಹೋಗಿ ಎರಡೂ ಕೈ ತೊಳೆದುಕೊಂಡು ಬಂದಳು. ಅಲ್ಲಿ ಯಾರೂ ಏನೂ ಅನ್ನಲಿಲ್ಲ. ಮಾತು ಬಂದದ್ದು ಜೀನ್ಸ್ ಹೊಲಿಯುವ ಯೂನಿಟ್ಟಿನಿಂದ. ಅತ್ತಿಗೆ ಅಲ್ಲಿ ಕೆಲಸ ಮಾಡುತ್ತಾಳೆ. ಪಕ್ಕದ ಮಷೀನಿನ ಹೆಂಗಸು ಎಲ್ಲರ ಮುಂದೆ ಕೇಳಿದಳಂತೆ: "ನಿಮ್ಮತ್ತಿ ಹೋಳಿಗಿ ತಟ್ಟಾಕ ಬರ್ತಾರೋ, ಹಲ್ಲು ತಟ್ಟಾಕ ಬರ್ತಾರೋ?"

ಆ ವರ್ಷದ ಲಗ್ನದ ದಿನಗಳಲ್ಲಿ ಅವ್ವನಿಗೆ ಬಂದದ್ದು ಒಂದೇ ಕರೆ. ಅದೂ ಆಮೇಲೆ ರದ್ದಾಯಿತು. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಆದರೆ ಊರಿಗೆ ಹೋದಾಗಲೆಲ್ಲ ಒಂದು ಬದಲಾವಣೆ ಕಾಣುತ್ತಿತ್ತು. ಹಿಂದೆ ಓಣಿಯಲ್ಲಿ ಯಾರ ಮನೆಯ ಮುಂದೆ ಚಪ್ಪರ ಹಾಕಿದರೂ ಹೋಗಿ ನಿಂತು ವಿಚಾರಿಸುತ್ತಿದ್ದವಳು ಈಗ ಹಿಂದಿನ ಗಲ್ಲಿಯಿಂದ ಸುತ್ತಿ ಬರುತ್ತಿದ್ದಳು.

ಸೆಟ್ಟನ್ನು ಹಿಡಿದಿಡಲು ದವಡೆಯ ಎಲುಬಿನಲ್ಲಿ ಕೂರಿಸುವ ಸಣ್ಣ ಇಂಪ್ಲಾಂಟುಗಳ ವಿಷಯ ನನಗೆ ತಿಳಿದದ್ದು ಮಡಕಶಿರಾದಲ್ಲಿ, ನಮ್ಮ ಶಾಲೆಯ ಮುಖ್ಯೋಪಾಧ್ಯಾಯರಿಂದ. ಅವರು ಗುಡಿಬಂಡೆಯ ಕಡೆಯವರು, ನಿವೃತ್ತಿಗೆ ಹತ್ತಿರವಾದವರು. ಒಂದು ದಿನ ವಿರಾಮದ ವೇಳೆಯಲ್ಲಿ ಹುರಿದ ಕಡಲೆಕಾಯಿಬೀಜ ಅಗಿಯುತ್ತ ಹೇಳಿದರು: "ಏನಮ್ಮ ಹಂಗ್ ನೋಡ್ತೀಯ? ಇವು ಸ್ವಂತ ಹಲ್ಲಲ್ಲ. ಕೆಳಗೆ ನಾಕು ಸ್ಕ್ರೂ ಹಾಕವ್ರೆ, ಅದರ ಮೇಲೆ ಸೆಟ್ ಕೂತೈತೆ. ಮೊದ್ಲು ಪಾಠ ಮಾಡೋವಾಗ ಹುಡುಗ್ರ ಮೇಲೆ ಬೀಳ್ತಿತ್ತು. ಈಗ ನಾನು ಬಯ್ದ್ರೂ ಬೀಳಲ್ಲ."

ಆ ಶನಿವಾರವೇ ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ರಾಯದುರ್ಗಕ್ಕೆ ಹೋದೆ. ಅವ್ವನನ್ನು ಬಳ್ಳಾರಿಯ ಒಬ್ಬ ದಂತವೈದ್ಯರ ಬಳಿಗೆ ಕರೆದೊಯ್ದೆ. ಅವರು ದವಡೆಯ ಚಿತ್ರ ತೆಗೆದು ವಿವರಿಸಿದರು. ದೊಡ್ಡ ಇಂಪ್ಲಾಂಟಿಗೆ ಬೇಕಾಗುವಷ್ಟು ದಪ್ಪದ ಎಲುಬು ಇವರಿಗಿಲ್ಲ. ಆದರೆ ಬೆಂಕಿಕಡ್ಡಿಯಷ್ಟು ಸಣ್ಣವನ್ನು ಗದ್ದದ ಭಾಗದಲ್ಲಿ ನಾಲ್ಕು ಕೂರಿಸಬಹುದು. ಅವುಗಳ ತಲೆ ಒಸಡಿನ ಮೇಲೆ ಸಣ್ಣ ಗುಂಡಿನಂತೆ ಕಾಣುತ್ತದೆ. ಹೊಸ ಸೆಟ್ಟಿನ ಅಡಿಯಲ್ಲಿ ರಬ್ಬರಿನ ಬಳೆಗಳಿರುವ ನಾಲ್ಕು ಕುಳಿಗಳಿರುತ್ತವೆ. ಒತ್ತಿದರೆ ಕೂಡಿಕೊಳ್ಳುತ್ತದೆ.

ಅವ್ವ ಕೇಳಿದ್ದು ಒಂದನ್ನೇ. "ಅಲ್ರಿ ಸಾಹೇಬ್ರ, ಮಾತಾಡಾವಾಗ ಬಾಯಾಗ ಕೈ ಹಾಕಾ ಪ್ರಸಂಗ ಬರಂಗಿಲ್ಲಲ್ರಿ?"

"ಹಗಲೊತ್ತು ಬರಂಗಿಲ್ಲಮ್ಮ. ರಾತ್ರಿ ತೆಗೀರಿ, ತೊಳೀರಿ, ಮುಂಜಾನೆ ಹಾಕ್ಕೊಳ್ರಿ. ಅಷ್ಟ."

"ಹಂಗಂದ್ರ ಹಾಕ್ಕೊಂಡ ಮ್ಯಾಲ ಮೈ ತೊಳಕೊಂತೀನಿ. ಆತು" ಎಂದಳು. ವೈದ್ಯರಿಗೆ ಆ ಮಾತಿನ ಅರ್ಥವಾಗಲಿಲ್ಲ, ನನಗೆ ಆಯಿತು: ಮಿಂದರೆ ಎಂಜಲು ಕಳೆಯಿತು.

ಸ್ಕ್ರೂಗಳನ್ನು ಕೂರಿಸಿ ಹೊಸ ಸೆಟ್ಟು ಕೊಟ್ಟಾಗ ಅವರು ಒಂದು ಹಾಳೆಯನ್ನೂ ಕೊಟ್ಟರು. ಇಂಗ್ಲಿಷಿನಲ್ಲಿದ್ದ ಅದನ್ನು ಬಸ್ಸಿನಲ್ಲಿ ಎರಡು ಸಲ ಓದಿದೆ. ತಣ್ಣೀರಿನಲ್ಲಿ ಮಾತ್ರ ತೊಳೆಯಬೇಕು, ಬಿಸಿನೀರು ತಾಗಿಸಬಾರದು, ಒರಟಾದ ಪುಡಿಯಿಂದ ಉಜ್ಜಬಾರದು ಎಂಬ ಸಾಲುಗಳು ಅದರಲ್ಲಿದ್ದವು. ನಾನು ಓದಲಿಲ್ಲವೆಂದಾಗಲಿ, ನನಗೆ ತಿಳಿಯಲಿಲ್ಲವೆಂದಾಗಲಿ ಇಂದು ಹೇಳಲಾರೆ.

ಮನೆಯಲ್ಲಿ ಅತ್ತಿಗೆ ಬೆರಗಾಗಿ ನೋಡಿ, "ಜಾಕೀಟಿನ ಟಿಚ್ ಬಟನ್ ಇದ್ದಂಗ ಐತಲ್ಲತ್ತಿ" ಎಂದಳು. ಅವ್ವ ನಕ್ಕಳು. ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯಲಿಲ್ಲ.

ಮರುದಿನ ಬೆಳಿಗ್ಗೆ ಬಚ್ಚಲಿನಲ್ಲಿ ಅವಳು ಸೆಟ್ಟು ತೊಳೆಯುವುದನ್ನು ಕಂಡೆ. ನೀರೊಲೆಯ ಬೂದಿಯಿಂದ ಅದನ್ನು ಒಳಗೂ ಹೊರಗೂ ತಿಕ್ಕಿ, ಹಿತ್ತಾಳೆಯ ಬಟ್ಟಲಲ್ಲಿ ಇಟ್ಟು, ಹಂಡೆಯಿಂದ ಕುದಿಯುವ ನೀರನ್ನು ಮೊಗೆದು ಅದರ ಮೇಲೆ ಸುರಿದಳು.

"ಅಷ್ಟು ಸುಡಾ ನೀರು ಯಾಕವ್ವ?"

"ಯಾಕಂತಿ? ಬಾಯಾಗಿಂದ ಬಂದದ್ದು. ಎಂಜಲ ಗಂಗಾಳಾನ ಬೂದಿ ಹಚ್ಚಿ ತಿಕ್ಕಿ ಬಿಸಿನೀರು ಹಾಕ್ತೀವಿ. ಇದು ಅದಕ್ಕಿಂತ ಹೆಚ್ಚಿಂದು. ತಣ್ಣೀರಾಗ ಅದ್ದಿ ಬಾಯಾಗ ಇಟ್ಕೊಂಡು ಮಂದಿ ದೇವ್ರ ಅಡಿಗಿ ಮುಟ್ಟಲೇನ?"

ಆ ಇಂಗ್ಲಿಷ್ ಹಾಳೆ ನನ್ನ ಚೀಲದಲ್ಲೇ ಉಳಿಯಿತು. ಬಿಸಿನೀರು ಬೇಡವೆಂದರೆ ಅವಳ ಪಾಲಿಗೆ ಆ ವಸ್ತು ಎಂದೆಂದಿಗೂ ಎಂಜಲಾಗಿಯೇ ಉಳಿಯುತ್ತದೆ. ಉಳಿದರೆ ಅವಳು ಮತ್ತೆ ಯಾರ ಮನೆಯ ಕಣಕವನ್ನೂ ಮುಟ್ಟುವುದಿಲ್ಲ. ಇದನ್ನು ನಾನು ಚೆನ್ನಾಗಿ ಬಲ್ಲೆ. ಒಂದಿಷ್ಟು ಬಿಸಿನೀರಿನಿಂದ ಏನಾಗಲಿದೆ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡೆ.

ತಿಂಗಳ ನಂತರ ತಪಾಸಣೆಗೆ ಮತ್ತೆ ಬಳ್ಳಾರಿಗೆ ಹೋದೆವು. ಅವ್ವ ಕುರ್ಚಿಯಲ್ಲಿ ಒರಗಿ ಬಾಯಿ ತೆರೆದಿದ್ದಳು. ವೈದ್ಯರ ಕನ್ನಡಿ ಅವಳ ಬಾಯೊಳಗಿತ್ತು. ಪಕ್ಕದ ಕುರ್ಚಿಯ ವೃದ್ಧರ ಜೊತೆಗೆ ಬಂದಿದ್ದ ಯುವತಿ ಇನ್ನೊಬ್ಬ ವೈದ್ಯರೊಡನೆ ತಡವರಿಸದೆ ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದಳು. ನಮ್ಮ ವೈದ್ಯರು ನನ್ನ ಕಡೆ ತಿರುಗಿ, "ಮನಿಯಾಗ ಹೆಂಗ ತೊಳೀತಾರ್ರಿ ಮೇಡಂ? ಬಿಸಿನೀರು, ಬೂದಿ, ಅಂಥದ್ದೇನಿಲ್ಲಲ್ರಿ?" ಎಂದು ಕೇಳಿದರು.

ಆ ಯುವತಿ ತಿರುಗಿ ನೋಡಿದಳು. ಬಹುಶಃ ಸುಮ್ಮನೆ ನೋಡಿರಬೇಕು.

"ಇಲ್ಲ ಸರ್. ಮೃದುವಾದ ಬ್ರಷ್ ಮತ್ತು ತಣ್ಣೀರನ್ನು ಮಾತ್ರ ಬಳಸುತ್ತಾರೆ" ಎಂದೆ.

ಅವ್ವನ ಕಣ್ಣುಗಳು ನನ್ನತ್ತ ಹೊರಳಿದವು. ಬಾಯಿ ತೆರೆದೇ ಇತ್ತು. ವೈದ್ಯರು, "ವೆರಿ ಗುಡ್. ಓದಿದ ಮಕ್ಕಳಿದ್ರ ನಮಗೂ ಅರ್ಧ ಕೆಲಸ ಕಡಿಮಿ" ಎಂದರು. ಆ ಮಾತಿನಿಂದ ನನಗೆ ಸಂತೋಷವಾಯಿತು ಎಂಬುದನ್ನು ಇಲ್ಲಿ ಬರೆಯಲೇಬೇಕು.

ಬಸ್ ನಿಲ್ದಾಣದಲ್ಲಿ ಅವ್ವ ಕೇಳಿದಳು, "ಬಿಸಿನೀರು ಹಾಕಿದ್ರ ಏನಾಗತೈತಂತ?"

ಮೂರು ದಿನಗಳ ನಂತರ ನಮ್ಮ ಓಣಿಯಲ್ಲಿ ಒಂದು ಕುಬುಸವಿತ್ತು. ಒಂದು ವರ್ಷದ ಮೇಲೆ ಅವಳಿಗೆ ಬಂದ ಮೊದಲ ಕರೆ ಅದು. "ಏನೂ ಆಗಂಗಿಲ್ಲವ್ವ. ಎಲ್ಲಾರನ್ನೂ ಹಂಗ ಕೇಳ್ತಾರ" ಎಂದೆ.

ಅವಳು ನಂಬಿದಳು. ಪುಸ್ತಕ ಓದಿ ಗೊತ್ತಿದ್ದವಳು ಹೇಳಿದ ಮೇಲೆ ಅವಳು ಮತ್ತೊಮ್ಮೆ ಕೇಳುವವಳಲ್ಲ.

ಕುಬುಸದ ಬೆಳಿಗ್ಗೆ ನಾನೂ ಅಲ್ಲಿದ್ದೆ. ಅವ್ವ ಒಲೆಯ ಮುಂದೆ ಕುಳಿತು, ಎರಡೂ ಕೈ ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡು, ಹಿಂದಿಗಿಂತ ಹೆಚ್ಚಾಗಿಯೇ ಮಾತನಾಡಿದಳು. ಒಬ್ಬ ಮುದುಕಿ ಕೆಣಕಿದಳು: "ಏನಬೇ, ಹೊಸಾ ಹಲ್ಲು ಬಂದಾವಂತ. ಇನ್ನೊಂದು ಮದಿವಿ ಮಾಡ್ಕೊಳಾಕಿ ಏನ?"

"ಮಾಡ್ಕೊಂತೀನಿ. ಮೊದ್ಲ ನಿನ್ನ ಗಂಡನ್ನ ಕೇಳ್ಕೊಂಡು ಬಾ, ಹೂಂ ಅಂದ್ರ ನೋಡಾಣ."

ಹೆಂಗಸರೆಲ್ಲ ನಕ್ಕರು. ಸೆಟ್ಟು ಅಲುಗಲಿಲ್ಲ. ಆ ದಿನವೇ ಇಬ್ಬರು ಬಂದು ಮುಂದಿನ ಲಗ್ನಗಳಿಗೆ ಅವಳನ್ನು ಗೊತ್ತು ಮಾಡಿಕೊಂಡರು.

ನಾನು ಮಡಕಶಿರಾಕ್ಕೆ ಮರಳಿದೆ. ಆಮೇಲಿನದನ್ನು ನನಗೆ ತಿಳಿಸಿದ್ದು ಅತ್ತಿಗೆ, ಅದೂ ತಡವಾಗಿ. ದಿನದಿನವೂ ಕುದಿಯುವ ನೀರು ಬಿದ್ದು ಸೆಟ್ಟು ಸೊಟ್ಟಗಾಗಿತ್ತು. ಅದು ಸ್ಕ್ರೂಗಳ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ. ಕೂರದಾಗ ಅವ್ವ ಹಲ್ಲುಕಚ್ಚಿ ಒತ್ತಿ ಕೂರಿಸುತ್ತಿದ್ದಳು; ಒಂದು ಬದಿ ಕೂತರೆ ಇನ್ನೊಂದು ಬದಿ ಏಳುತ್ತಿತ್ತು. ಬೂದಿಯ ಉಜ್ಜಾಟಕ್ಕೆ ರಬ್ಬರಿನ ಬಳೆಗಳೂ ಸವೆದಿದ್ದವು. ಸುದ್ದಿ ಹೊರಗೆ ಬಿದ್ದರೆ ಮತ್ತೆ ಯಾರೂ ಕರೆಯುವುದಿಲ್ಲವೆಂಬ ಭಯದಿಂದ ಅವಳು ನೋವನ್ನು ಯಾರಿಗೂ ಹೇಳಲಿಲ್ಲ. ಗದ್ದ ಊದಿ, ಅನ್ನ ನುಂಗಲಾಗದೆ ಗಂಜಿಗೆ ಬಂದಾಗ ಅತ್ತಿಗೆ ನನಗೆ ಫೋನ್ ಮಾಡಿದಳು: "ಅತ್ತಿ ಬಾಯಿ ತೆಗದು ತೋರಿಸವಲ್ರು. ನೀವ ಬರ್ರಿ."

ವೈದ್ಯರು ಬಹಳ ಹೊತ್ತು ನೋಡಿದರು. ಎರಡು ಸ್ಕ್ರೂಗಳು ಬೆರಳಿನಿಂದ ಅಲುಗಿಸಿದರೆ ಅಲುಗುವಂತಾಗಿದ್ದವು. ಮೂರನೆಯದರ ಸುತ್ತ ಕೀವು ತುಂಬಿತ್ತು. ಸೆಟ್ಟನ್ನು ತೊಳೆದು ಮೇಜಿನ ಗಾಜಿನ ಮೇಲೆ ಇಟ್ಟು ಒಂದು ಬದಿಯನ್ನು ಒತ್ತಿದರು. ಇನ್ನೊಂದು ಬದಿ ಎದ್ದಿತು.

"ಇದನ್ನ ಬಿಸಿನೀರಾಗ ಹಾಕ್ಯಾರ" ಎಂದು ನನ್ನನ್ನು ನೋಡಿದರು. "ಆವತ್ತು ಕೇಳಿದ್ನೆಲ್ರಿ ಮೇಡಂ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು. ಊದಿದ ಬಾಯಿಂದ ಪ್ರತಿ ಮಾತನ್ನೂ ಎತ್ತಿ ಎತ್ತಿ ಇಟ್ಟಂತೆ ಹೇಳಿದಳು: "ನಾನ ಹಾಕೀನ್ರಿ. ಆಕಿಗೆ ಗೊತ್ತಿಲ್ಲ. ತಣ್ಣೀರಾಗ ತೊಳೀತೀನಿ ಅಂತ ಆಕಿಗೆ ಸುಳ್ಳು ಹೇಳಿದ್ದೆ."

"ಹಳೇ ಸೆಟ್ಟನ್ನೂ ಹಿಂಗ ತೊಳೀತಿದ್ರೇನಮ್ಮ?"

"ಹೌದ್ರಿ. ಅದನ್ನೂ ಹಿಂಗ."

ಹಳೆಯದು ಸಡಿಲವಾದದ್ದು ಆ ಕಾರಣಕ್ಕೇ ಎಂದು ವೈದ್ಯರು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಅವರು ಕೈಗವಸು ಬದಲಿಸುತ್ತಿದ್ದಾಗ ನಾನು ಲೆಕ್ಕ ಹಾಕಿದೆ: ಹಾಗಿದ್ದರೆ ಈ ಸ್ಕ್ರೂಗಳೇ ಬೇಕಿರಲಿಲ್ಲವೇನೋ, ಹಾಗಿದ್ದರೆ ಆ ಗೃಹಪ್ರವೇಶದಲ್ಲಿ ಹೆಬ್ಬೆರಳು ಬಾಯಿಗೆ ಹೋಗುವುದೂ ಬೇಕಿರಲಿಲ್ಲ. ಇಷ್ಟು ದಿನಗಳಲ್ಲಿ ಬಚ್ಚಲಿನ ಆ ಹಿತ್ತಾಳೆಯ ಬಟ್ಟಲನ್ನು ನಾನು ಎಷ್ಟು ಸಲ ನೋಡಿದ್ದೆನೋ ನೆನಪಾಗಲಿಲ್ಲ. ನಿಜ ಹೇಳುವುದಕ್ಕೆ ಆಗಲೂ ಸಮಯವಿತ್ತು. ನಾನು ಗೋಡೆಗೆ ತೂಗುಹಾಕಿದ್ದ ದವಡೆಯ ಚಿತ್ರವನ್ನು ಓದುತ್ತ ನಿಂತೆ.

ಉಳಿದ ಒಂದರ ಮೇಲೆ ಸೆಟ್ಟು ನಿಲ್ಲದೆಂದು ನಾಲ್ಕನ್ನೂ ತೆಗೆದರು. ಅವು ಸಡಿಲಗೊಂಡ ಕಡೆಗಳಲ್ಲಿ ಎಲುಬು ಕರಗಿದೆ, ಮತ್ತೆ ಕೂರಿಸಲು ಜಾಗ ಉಳಿದಿಲ್ಲ ಎಂದು ತಿಳಿಸಿದರು. ಹೊಸದಾಗಿ ಸೆಟ್ಟು ಮಾಡಿಕೊಡಬಹುದು, ಆದರೆ ಅದು ಹಳೆಯದರ ಹಾಗೆಯೇ ಅಲ್ಲಾಡುತ್ತದೆ ಎಂದರು. ಅವ್ವ ತಲೆ ಅಲ್ಲಾಡಿಸಿ ಬೇಡವೆಂದಳು.

ಬಸ್ಸಿನಲ್ಲಿ ಅವಳ ಬಾಯಲ್ಲಿ ಹತ್ತಿಯಿತ್ತು. ಬಳ್ಳಾರಿ ದಾಟಿದ ಮೇಲೆ ಕೇಳಿದೆ, "ಯಾಕವ್ವ ಹಂಗಂದಿ ಅವರ ಮುಂದ?"

ಅವಳು ಹತ್ತಿಯನ್ನು ನಾಲಿಗೆಯಿಂದ ಬದಿಗೆ ಸರಿಸಿಕೊಂಡಳು. "ನೀ ಟೀಚರ್ ಅದಿ. ನಿನ್ನ ಮಾತು ಸುಳ್ಳಾಗಬಾರ್ದು. ನಂದೇನು."

ನಾನು ಕರವಸ್ತ್ರ ತೆಗೆದು ಅವಳ ಕೈಗೆ ಕೊಟ್ಟೆ.

ಅವ್ವನನ್ನು ಗೊತ್ತು ಮಾಡಿದ್ದ ಲಗ್ನಗಳಲ್ಲಿ ಮೊದಲನೆಯದಕ್ಕೆ ಎಂಟು ದಿನ ಉಳಿದಿತ್ತು. ಆ ಮನೆಗೆ ಹೋಗಿ ತಿಳಿಸಿ ಬರಲು ನನ್ನನ್ನು ಕಳುಹಿಸಿದಳು. ಮನೆಯಾಕೆ ಬಾಗಿಲಲ್ಲೇ ಎದುರಾದಳು. ಒಳಗೆ ಹಪ್ಪಳ ಒಣಗಲು ಹಾಕಿದ್ದರು.

"ಬರ್ರಿ ಟೀಚರ್ರ, ಬರ್ರಿ. ನಿಮ್ಮವ್ವನ್ನ ಒಂದಿನ ಮೊದ್ಲ ಕಳಸ್ರಿ ಮತ್ತ, ಬ್ಯಾಳಿ ಜಾಸ್ತಿ ಐತಿ."

"ಅವ್ವನಿಗೆ ಬರಲು ಆಗುವುದಿಲ್ಲವಂತೆ. ಬೇರೆ ಯಾರಿಗಾದರೂ ಹೇಳಿಕೊಳ್ಳಿ ಎಂದು ಹೇಳಿ ಕಳುಹಿಸಿದ್ದಾಳೆ."

"ಯಾಕ್ರಿ? ಏನಾತು?"

"ಆರೋಗ್ಯ ಸರಿಯಿಲ್ಲ."

"ಜ್ವರ ಏನ್ರಿ?"

"ಹೌದು, ಜ್ವರ" ಎಂದೆ.

"ಹಂಗಾದ್ರ ಎಂಟು ದಿನದಾಗ ಕಡಿಮಿ ಆಗತೈತಿ ಬಿಡ್ರಿ. ನಾ ಬಂದು ನೋಡ್ಕೊಂಡು ಹೋಗ್ತೀನಿ."

"ಬೇಡ, ಬರಬೇಡಿ" ಎಂದುಬಿಟ್ಟೆ. ಮಾತು ಅವಸರವಾಗಿ ಬಂದಿತ್ತು. ಆಕೆ ನನ್ನ ಮುಖವನ್ನು ನೋಡಿದಳು. ಕುಡಿಯಲು ನೀರು ಕೊಟ್ಟಳು, ಕುಡಿದೆ. ನಾನು ಚಪ್ಪಲಿ ಮೆಟ್ಟಿ ಓಣಿಗೆ ಇಳಿಯುವಷ್ಟರಲ್ಲಿ, ಬೆಳುಗುಪ್ಪದಲ್ಲಿ ಹೋಳಿಗೆ ಮಾಡುವ ಒಬ್ಬಾಕೆ ಇದ್ದಾಳಲ್ಲ, ಅವಳ ನಂಬರ್ ನಿಮ್ಮಲ್ಲಿ ಇದೆಯೇ ಎಂದು ಆಕೆ ಫೋನಿನಲ್ಲಿ ಯಾರನ್ನೋ ಕೇಳುತ್ತಿದ್ದುದು ಕಿವಿಗೆ ಬಿತ್ತು.