ಎರಡು ಲಿಂಗಕ್ಕೆ ನೀರು

ಮಠದ ಸಭೆಯಲ್ಲಿ ನಾನು ಕೈ ಎತ್ತಿದ್ದು ಸೇವೆಗೆ ಬರುತ್ತೇನೆಂದು ಹೇಳುವುದಕ್ಕಲ್ಲ. ಹೆಂಗಸರ ಕಡೆ ಬಾಗಿಲ ಹತ್ತಿರ ನನ್ನ ತಂಗಿ ಕೂರಲು ಜಾಗ ಸಿಗದೆ ನಿಂತಿದ್ದಳು. ಅವಳನ್ನು ನನ್ನ ಪಕ್ಕಕ್ಕೆ ಕರೆಯಲು ಕೈ ಎತ್ತಿದೆ. ಅದೇ ಹೊತ್ತಿಗೆ ಅಜ್ಜಾರು, ಅಂದರೆ ನಮ್ಮ ಮಠದ ಸ್ವಾಮಿಗಳು, ಒಂದು ಮಾತು ಕೇಳಿದ್ದರು. ಮಕ್ಕಳ ಜವಾಬ್ದಾರಿ ಮುಗಿಸಿದ ಹಿರಿಯ ದಂಪತಿಗಳು ಯಾರಾದರೂ ಒಂದು ವರ್ಷ ಒಂದು ಹಳ್ಳಿಯಲ್ಲಿದ್ದು ಧರ್ಮಸೇವೆ ಮಾಡುತ್ತೀರಾ ಎಂದು. ಗಂಡಸರ ಸಾಲಿನಲ್ಲಿದ್ದ ನಮ್ಮ ಮನೆಯವರು ನನ್ನ ಕೈ ನೋಡಿ ತಾವೂ ಎತ್ತಿಬಿಟ್ಟರು. ಏನಾಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ನಮ್ಮಿಬ್ಬರ ಕೊರಳಿಗೂ ಹಾರ ಬಿದ್ದಿತ್ತು.

ಲಿಂಗಸುಗೂರಿನ ನಮ್ಮ ಮನೆಗೆ ಬಂದ ಮೇಲೆ ಅವರು ಚಪ್ಪಲಿಯನ್ನೂ ಬಿಚ್ಚದೆ ನಿಂತರು.

“ನಿನ್ನ ಮನಸಿನ್ಯಾಗ ಇಷ್ಟು ಭಕ್ತಿ ಐತಿ ಅಂತ ನನಗ ಗೊತ್ತೇ ಇದ್ದಿಲ್ಲ ನೋಡು,” ಅಂದರು. ಅವರ ಕಣ್ಣು ಒದ್ದೆಯಾಗಿತ್ತು.

ಮೂವತ್ತೆಂಟು ವರ್ಷ ಜೊತೆಗೆ ಬಾಳಿದ ಮನುಷ್ಯ. ಹೈಸ್ಕೂಲಿನಲ್ಲಿ ಹಿಂದಿ ಮಾಸ್ತರಾಗಿದ್ದವರು, ನನ್ನನ್ನು ಹೊಗಳಿದ್ದು ಬಹಳ ಕಡಿಮೆ. ತಂಗಿಯನ್ನು ಕರೆಯಲು ಕೈ ಎತ್ತಿದೆ ಎಂದು ಆಗ ಹೇಳಲು ನನ್ನಿಂದ ಆಗಲಿಲ್ಲ.

ನಮಗೆ ಕೊಟ್ಟ ಊರು ಸಿಂಧನೂರು ತಾಲೂಕಿನ ವಳಕಮದಿನ್ನಿ. ಅಲ್ಲಿ ಏನು ಮಾಡಬೇಕು ಎಂದು ಕೇಳಿದ್ದಕ್ಕೆ ಅಜ್ಜಾರು, “ಜನರ ನಡುವೆ ಇರ್ರಿ, ಅಷ್ಟ ಸಾಕು,” ಅಂದರು. ಮನೆಯವರು ಆ ಮಾತನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು, ಕೆಳಗೆ ಗೆರೆ ಎಳೆದು, ಮುಂದೆ ಏನು ಬರೆಯಬೇಕೆಂದು ತಿಳಿಯದೆ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದರು.

ಸಮುದಾಯ ಭವನದ ಮಗ್ಗುಲಿಗೆ ಒಂದು ಕೋಣೆ ಕೊಟ್ಟಿದ್ದರು. ನಾವು ಹೋಗುವ ಹಿಂದಿನ ವಾರವೇ ಕಾಲುವೆಗೆ ನೀರು ಬಂದಿತ್ತು. ಊರಿನ ಸುತ್ತ ಗದ್ದೆಗಳೆಲ್ಲ ಕೆಸರು. ನಮ್ಮನ್ನು ನೋಡಲು ಬಂದವರಲ್ಲಿ ಒಬ್ಬಳು ರೇಷನ್ ಕಾರ್ಡ್ ವಿಚಾರ ಕೇಳಿದಳು. ಇನ್ನೊಬ್ಬರು ಪಿಂಚಣಿ ನಿಂತು ಹೋಗಿದೆ ಎಂದು ಕಾಗದ ತಂದರು. ಒಬ್ಬಾಕೆ ಬಾಗಿಲಲ್ಲೇ ನಿಂತು, “ಏನ್ ಮಾರಾಕ ಬಂದೀರಿ?” ಅಂದಳು.

“ಏನೂ ಮಾರಾಂಗಿಲ್ಲವ್ವಾ. ಇರಾಕ ಬಂದೀವಿ,” ಅಂದೆ.

“ಬರೇ ಇರಾಕ?”

ನನಗೂ ಅದೇ ಅನುಮಾನ.

ಮನೆಯವರು ದಿನಾ ಬೆಳಗ್ಗೆ ಆರಕ್ಕೆ ಭವನದಲ್ಲಿ ಚಾಪೆ ಹಾಸಿ, ಶರಣರ ವಚನ ಓದಿ ಅರ್ಥ ಹೇಳಲು ಶುರು ಮಾಡಿದರು. ಮೊದಲ ದಿನ ಭವನ ಅರ್ಧ ತುಂಬಿತ್ತು. ಭತ್ತದ ಸಸಿ ಹಚ್ಚುವ ನಾಟಿ ಕೆಲಸ ಜೋರಾದಂತೆ ಹೆಂಗಸರು ಐದಕ್ಕೇ ಟಂಟಂ ಆಟೋ ಹತ್ತಿ ಹೊಲಗಳಿಗೆ ಹೋಗತೊಡಗಿದರು. ಗಂಡಸರು ಅವರ ಹಿಂದೆ. ಕೊನೆಗೆ ಉಳಿದವರು ಕಿವಿ ಕೇಳದ ಒಬ್ಬ ಮುದುಕರು. ಅವರಿಗೆ ನಮ್ಮ ಚಾಪೆ ಮೆತ್ತಗೆ ಅನ್ನಿಸುತ್ತಿತ್ತಂತೆ. ಮನೆಯವರು ಅವರೊಬ್ಬರಿಗೇ ತರಗತಿಯಲ್ಲಿ ಹೇಳಿದಂತೆ ಗಟ್ಟಿ ದನಿಯಲ್ಲಿ ಹೇಳುತ್ತಿದ್ದರು. ನಾನು ಒಳಗೆ ಅಕ್ಕಿ ಆರಿಸುತ್ತಾ, ನಾವು ಮಾಡುತ್ತಿರುವುದು ಸೇವೆಯೋ ಏನೋ ಎಂದು ಯೋಚಿಸುತ್ತಿದ್ದೆ.

ನನ್ನ ಕೆಲಸ ತಾನಾಗಿಯೇ ಹುಟ್ಟಿಕೊಂಡಿತು. ಒಂದು ಸಂಜೆ ಹೊಲದಿಂದ ಬಂದ ಒಬ್ಬ ಹೆಂಗಸು ನಮ್ಮ ಕಟ್ಟೆಯ ಮೇಲೆ ಕೂತು ಕಾಲು ಚಾಚಿದಳು. ದಿನವೆಲ್ಲ ಕೆಸರಿನಲ್ಲಿ ನಿಂತು ಬೆರಳ ಸಂದಿ ಬೆಳ್ಳಗಾಗಿ ಬಿರಿದಿತ್ತು. ಅಂಗನವಾಡಿಯಲ್ಲಿ ಕೆಲಸ ಮಾಡಿದ ನನ್ನಂಥವಳಿಗೆ ಇಂಥದ್ದು ಕಂಡರೆ ಸುಮ್ಮನಿರಲು ಆಗುವುದಿಲ್ಲ. ಬಿಸಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆಯಲ್ಲಿ ಅರಿಷಿಣ ಕಲಸಿ ಹಚ್ಚಿದೆ. ಮರುದಿನ ಇಬ್ಬರು ಬಂದರು. ವಾರದೊಳಗೆ ಕಟ್ಟೆ ತುಂಬಿತು. ಸಿಂಧನೂರಿಗೆ ಹೋಗಿ ಔಷಧಿ ಅಂಗಡಿಯಲ್ಲಿ ಕೇಳಿ ಒಂದು ಮುಲಾಮು ತಂದೆ. ಯಾವ ಕೇರಿಯವರು ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಬೇಕೆಂದು ನೆನಪೂ ಆಗಲಿಲ್ಲ.

ಊರಿನ ಒಬ್ಬ ದೊಡ್ಡ ರೈತರು, ನಮ್ಮ ಮಠದ ಭಕ್ತರೇ, ಒಂದು ದಿನ ಬಂದು ಮನೆಯವರಿಗೆ ಹೇಳಿದರು: “ಮಾಸ್ತರ್ರ, ಕೊಳ್ಳಾಗ ಲಿಂಗ ಕಟ್ಟಿಕೊಂಡು ಅಕ್ಕಾರು ಎಲ್ಲಾರ ಕಾಲು ಹಿಡ್ಯಾಕತ್ತಾರ. ಇದು ಸರಿ ಕಾಣಾಂಗಿಲ್ರಿ.” ಅವರು ಹೋದ ಮೇಲೆ ಅದೇ ಮನೆಯ ಸೊಸೆ ಹಿತ್ತಲ ಕಡೆಯಿಂದ ಬಂದು ತನ್ನ ಕಾಲನ್ನೂ ತೋರಿಸಿದಳು.

“ನಾವು ಧರ್ಮ ಹೇಳಾಕ ಬಂದೀವೋ, ಕಾಲು ತೊಳ್ಯಾಕ ಬಂದೀವೋ?” ಎಂದು ಮನೆಯವರು ಅಂದು ಊಟದ ಹೊತ್ತಿಗೆ ಕೇಳಿದರು. ಸಿಟ್ಟಿನಿಂದ ಅಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು.

“ನನಗೇನ್ ಗೊತ್ತುರೀ,” ಅಂದೆ.

ಪ್ರತಿ ಅಮಾವಾಸ್ಯೆಗೆ ಸೇವೆಗೆ ಹೋದ ದಂಪತಿಗಳೆಲ್ಲ ಮಸ್ಕಿಯಲ್ಲಿ ಅಜ್ಜಾರ ಮುಂದೆ ಸೇರಬೇಕಿತ್ತು. ಬೇರೆಯವರು ಎದ್ದು ನಿಂತು ತಮ್ಮ ಊರಿನಲ್ಲಿ ಸಾಮೂಹಿಕ ಪೂಜೆ ಶುರುವಾಗಿದ್ದನ್ನು, ಕುಡಿತ ಬಿಟ್ಟವರ ಕತೆಯನ್ನು ಹೇಳುತ್ತಿದ್ದರು. ಮನೆಯವರು ಎರಡು ಅಮಾವಾಸ್ಯೆ “ಜನಸಂಪರ್ಕ ನಡದೈತಿ” ಎಂದಷ್ಟೇ ಹೇಳಿ ಕೂತರು.

ಕಟ್ಟೆಗೆ ಬರುವವರಲ್ಲಿ ಕುರಿ ಕಾಯುವ ಮನೆಯ ಒಬ್ಬಾಕೆ ಇದ್ದಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಸುಮಾರು ನನ್ನದೇ ವಯಸ್ಸು. ಅವಳ ಕಾಲಿಗೆ ಏನೂ ಆಗಿರಲಿಲ್ಲ. ಸುಮ್ಮನೆ ಬಂದು ಕೂತು, ಉಳಿದವರು ಹೋದ ಮೇಲೆ ಹೋಗುತ್ತಿದ್ದಳು. ಒಂದು ಸಂಜೆ ನನ್ನ ಕೊರಳಿನ ಶಿವದಾರವನ್ನೇ ನೋಡುತ್ತಾ, “ಅಕ್ಕಾರ, ನನಗೂ ಒಂದು ಲಿಂಗ ಕಟ್ಟಸ್ರೀ,” ಅಂದಳು.

ಒಳಗಿದ್ದ ಮನೆಯವರು ಹೊರಗೆ ಬಂದೇಬಿಟ್ಟರು. ಲಿಂಗ ಕಟ್ಟಿಕೊಂಡ ಮೇಲೆ ದಿನಾ ಪೂಜೆ ಮಾಡಬೇಕು, ಮಾಂಸ ಬಿಡಬೇಕು, ಜೀವ ಇರುವವರೆಗೆ ಮೈಯಿಂದ ಅಗಲಿಸಬಾರದು ಎಂದು ಒಂದೊಂದಾಗಿ ಹೇಳಿದರು. ಅವಳು ಎಲ್ಲದಕ್ಕೂ “ಹೂಂ” ಅಂದಳು. ಅವಳ ಮಗನೂ ಬೇಡ ಅನ್ನಲಿಲ್ಲ. “ಅವ್ವಗ ಮನಸಾದ್ರ ನಾ ಯಾಕ ತಡೀಲಿ?” ಅಂದ.

ಮುಂದಿನ ಅಮಾವಾಸ್ಯೆಗೆ ಅವಳನ್ನು ಕರೆದುಕೊಂಡು ಮಸ್ಕಿಗೆ ಹೋದೆವು. ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂತಿದ್ದಳು. ಯಾಕೆ ಬೇಕೆನಿಸಿತು ಎಂದು ಕೇಳಿದೆ.

“ನೀವೇ ಹೇಳಿದ್ರೆಲ್ಲ. ಇದು ಎದಿ ಮ್ಯಾಲಿದ್ರ ಒಬ್ಬಾಕಿ ಇದ್ದಾಗೂ ಯಾರೋ ಜೊತಿಗಿದ್ದಂಗ ಆಗ್ತೈತಿ ಅಂತ.”

ನಾನು ಹಾಗೆ ಹೇಳಿದ ನೆನಪೇ ಇಲ್ಲ. ಹೇಳಿದ್ದರೆ ಕಾಲಿಗೆ ಎಣ್ಣೆ ಹಚ್ಚುತ್ತಾ ಮಾತಿಗೆ ಮಾತು ಬಂದು ಹೇಳಿರಬೇಕು. ತೊಟ್ಟಿಲಿನಲ್ಲಿದ್ದಾಗಿನಿಂದ ಲಿಂಗ ಕಟ್ಟಿಕೊಂಡವಳು ನಾನು. ದಿನಾ ಅಂಗೈಯಲ್ಲಿ ಇಟ್ಟು ನೀರು ಹಾಕಿದ್ದೇನೆ, ವಿಭೂತಿ ಹಚ್ಚಿದ್ದೇನೆ. ಅದು ನನಗೆ ಜೊತೆ ಅನ್ನಿಸಿದೆಯೇ ಎಂದು ಆ ಬಸ್ಸಿನಲ್ಲಿ ಮೊದಲ ಸಲ ನನ್ನನ್ನೇ ಕೇಳಿಕೊಂಡೆ. ಹೌದು ಅನ್ನಲೂ ಆಗಲಿಲ್ಲ, ಇಲ್ಲ ಅನ್ನಲೂ ಆಗಲಿಲ್ಲ.

ಅಜ್ಜಾರು ಅವಳಿಗೆ ದೀಕ್ಷೆ ಕೊಟ್ಟರು. ಸಭೆ ಚಪ್ಪಾಳೆ ತಟ್ಟಿತು. ಮನೆಯವರು ಆ ದಿನ ಎರಡು ಸಲ ಎದ್ದು ನಿಂತು ಮಾತಾಡಿದರು.

ಒಂದು ತಿಂಗಳಾಗಿರಬಹುದು, ಒಂದು ಮಧ್ಯಾಹ್ನ ಅವಳು ಬಂದಳು. ಸೆರಗಿನ ಗಂಟು ಬಿಚ್ಚಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ಲಿಂಗವನ್ನು ನನ್ನ ಮುಂದೆ ಇಟ್ಟಳು.

“ಇದನ್ನ ನೀವೇ ಇಟ್ಟುಕೊಳ್ರಿ ಅಕ್ಕಾರ.”

“ಯಾಕವ್ವಾ? ಯಾರಾರ ಏನಾರ ಅಂದ್ರೇನು?”

“ಯಾರೂ ಏನೂ ಅಂದಿಲ್ಲ. ಅಂದಿದ್ರ ಜಗಳಾ ಮಾಡ್ತಿದ್ದೆ.”

ಮೆಲ್ಲಗೆ ಹೇಳಿದಳು. ಮೊಮ್ಮಗನ ಜವಳ ತೆಗೆಸಿದ್ದರು. ಅವರ ಮನೆದೇವರಿಗೆ ಮರಿ ಕಡಿದು ಬಂಧುಗಳಿಗೆ ಊಟ ಹಾಕುವ ರೂಢಿ. ಇಷ್ಟು ವರ್ಷ ಅಂಥ ಅಡುಗೆಯ ಮುಂದಾಳತ್ವ ಅವಳದೇ. ಈ ಸಲ ಮಗ ಒಲೆಯ ಹತ್ತಿರ ಬಿಡಲಿಲ್ಲ. “ನೀ ಲಿಂಗ ಕಟ್ಟಿದಾಕಿ, ಇಲ್ಲಿಗೆ ಬರಬ್ಯಾಡವ್ವಾ,” ಎಂದು ಬೇರೆ ಮಣೆ ಹಾಕಿ, ಬೇರೆ ಗಂಗಾಳದಲ್ಲಿ ಅನ್ನ ಸಾರು ಕೊಟ್ಟ. ಸೊಸೆ ಅವಳ ಕಾಲಿಗೆ ನಮಸ್ಕಾರ ಮಾಡಿದಳು. ಬಂಧುಗಳೆಲ್ಲ ದೂರದಿಂದ ಕೈ ಮುಗಿದರು. ಯಾರೂ ಪಕ್ಕದಲ್ಲಿ ಕೂರಲಿಲ್ಲ.

“ಜೊತಿ ಸಿಗ್ತೈತಿ ಅಂತ ಕಟ್ಟಿಕೊಂಡೆ ಅಕ್ಕಾರ. ಇದ್ದ ಜೊತಿನೂ ಹೋತು.”

ಅಷ್ಟರಲ್ಲಿ ಮನೆಯವರು ಒಳಗೆ ಬಂದರು. ಬಟ್ಟೆಯ ಮೇಲಿದ್ದ ಲಿಂಗ ನೋಡಿ ಅವರ ಮುಖ ಕಪ್ಪಿಟ್ಟಿತು. “ಹಿಂಗ ತಿರಗಿ ಕೊಡಾಕ ಬರಂಗಿಲ್ಲವ್ವಾ. ಇದು ಅಂಗಡಿ ಸಾಮಾನಲ್ಲ,” ಅಂದರು. ಅವಳು ತಲೆ ಎತ್ತಲಿಲ್ಲ. ನಾನು ಯಾವ ಶಾಸ್ತ್ರವನ್ನೂ ಯೋಚಿಸದೆ ಕೈ ಚಾಚಿ ಲಿಂಗವನ್ನು ತೆಗೆದುಕೊಂಡೆ. ಅವಳು ಕಣ್ಣು ಒರೆಸಿಕೊಂಡು ಹೋದಳು.

“ಏನ್ ಮಾಡಿದಿ ನೀನು?” ಅಂದರು ಮನೆಯವರು.

“ಮತ್ತೇನ್ ಮಾಡಬೇಕಿತ್ತುರೀ?”

ಅವರು ಗೋಡೆಗೆ ಒರಗಿ ಕೂತು, “ನಿನ್ನ ಭಕ್ತಿ ನಂಬಿ ನಾ ಇಲ್ಲಿಗೆ ಬಂದೀನಿ,” ಅಂದರು. ಆಗ ನನಗೆ ತಡೆಯಲಾಗಲಿಲ್ಲ. ಸಭೆಯಲ್ಲಿ ತಂಗಿಯನ್ನು ಕರೆಯಲು ಕೈ ಎತ್ತಿದ್ದನ್ನು ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡೆ. ಅವರು ಬೈಯಲಿಲ್ಲ.

“ನನಗೂ ಬರೂ ಮನಸಿದ್ದಿಲ್ಲ. ನೀ ಎತ್ತಿದಿ ಅಂತ ಎತ್ತಿದೆ,” ಅಂದರು.

ಇಬ್ಬರಿಗೂ ನಗು ಬಂತು. ಆದರೆ ಅವಳ ಲಿಂಗ ಇನ್ನೂ ನನ್ನ ಕೈಯಲ್ಲಿತ್ತು. ನಗುವುದು ಸರಿಯೋ ತಪ್ಪೋ ತಿಳಿಯದೆ ನಿಲ್ಲಿಸಿದೆವು.

ಮುಂದಿನ ಅಮಾವಾಸ್ಯೆಯ ಸಭೆಯಲ್ಲಿ ಮನೆಯವರು ಏನೂ ಹೇಳಲಿಲ್ಲ. ಎಲ್ಲರೂ ಪ್ರಸಾದಕ್ಕೆ ಎದ್ದ ಮೇಲೆ ಇಬ್ಬರೂ ಅಜ್ಜಾರ ಹತ್ತಿರ ಹೋಗಿ, ಇದ್ದದ್ದು ಇದ್ದ ಹಾಗೆ ಹೇಳಿದೆವು. ತಪ್ಪು ಕಾಣಿಕೆ ಎಂದೋ, ಪ್ರಾಯಶ್ಚಿತ್ತ ಎಂದೋ ಏನಾದರೂ ಹೇಳುತ್ತಾರೆಂದು ಕಾದೆವು.

“ಆಕಿ ಅಡಗಿ ಮನ್ಯಾಗ ಈಗ ಕೂಡ್ತಾಳೇನು?” ಎಂದು ಅಜ್ಜಾರು ಕೇಳಿದರು.

“ಕೂಡ್ತಾಳ್ರಿ ಅಜ್ಜಾರ.”

“ಇದಕ್ಕೇನ್ ಮಾಡಬೇಕು ಅಂತ ನನಗೂ ತಿಳೀವಲ್ದವ್ವಾ. ತಿಳಿಯೂ ತನಕಾ ಅದಕ್ಕ ನೀರು ಹಾಕ್ರಿ.”

ಬರುವಾಗ ಬಸ್ಸಿನಲ್ಲಿ ಮನೆಯವರು ಮಂಕಾಗಿದ್ದರು. ಅಜ್ಜಾರಿಗೇ ತಿಳಿಯದಿದ್ದರೆ ನಾವು ಯಾರನ್ನು ಕೇಳುವುದು ಎಂಬುದು ಅವರ ಚಿಂತೆ. ನನಗೆ ಮಾತ್ರ ತಮಗೂ ತಿಳಿಯದು ಎಂದ ಅವರ ಮಾತೇ ಸಮಾಧಾನ ಕೊಟ್ಟಿತು.

ಉಳಿದ ತಿಂಗಳು ಹಾಗೇ ಕಳೆದವು. ಅವಳು ಕಟ್ಟೆಗೆ ಬರುವುದನ್ನು ಕೆಲವು ವಾರ ಬಿಟ್ಟಳು. ಆಮೇಲೆ ಒಂದು ಸಂಜೆ ಏನೂ ಆಗದವಳಂತೆ ಬಂದು ಕೂತು, ಬೇರೆಯವರ ಕಾಲಿಗೆ ನಾನು ನೀರು ಹಾಕುವಾಗ ತಂಬಿಗೆ ಹಿಡಿದಳು. ಮನೆಯವರು ಬೆಳಗಿನ ಪ್ರವಚನ ನಿಲ್ಲಿಸಿ, ಪಿಂಚಣಿ ನಿಂತವರ ಅರ್ಜಿ ಬರೆದುಕೊಡತೊಡಗಿದರು. ಕಿವಿ ಕೇಳದ ಮುದುಕರು ಮಾತ್ರ ಆರಕ್ಕೆ ಬಂದು ಚಾಪೆ ಕೇಳಿ ಹಾಸಿಕೊಳ್ಳುತ್ತಿದ್ದರು.

ನಾವು ಊರು ಬಿಡುವ ದಿನ ಅವಳು ಒಂದು ಗಡಿಗೆ ಮೊಸರು ತಂದಳು. ಟಂಟಂ ಹತ್ತುವ ಮುಂಚೆ ನನ್ನನ್ನು ಮರೆಗೆ ಕರೆದು, “ಐತೇನ್ರಿ ಅದು?” ಅಂದಳು.

“ಐತಿ.”

“ದಿನಾ ನೀರು ಹಾಕ್ತೀರೇನು?”

“ಹಾಕ್ತೀನಿ. ಬೇಕಾದಾಗ ಬಂದು ತಗೊಂಡು ಹೋಗು.”

“ಮೊಸರು ಹುಳಿ ಆಗೂದ್ರಾಗ ಉಣ್ರಿ,” ಅಂದಳು.

ಈಗ ನಾವು ಲಿಂಗಸುಗೂರಿನಲ್ಲಿದ್ದೇವೆ. ಬೆಳಗ್ಗೆ ಪೂಜೆಗೆ ಕೂತಾಗ ಮೊದಲು ಎಡಗೈಯಲ್ಲಿ ನನ್ನ ಲಿಂಗ, ಆಮೇಲೆ ಅವಳದು. ಒಬ್ಬರ ಲಿಂಗವನ್ನು ಇನ್ನೊಬ್ಬರು ಪೂಜಿಸಬಹುದೇ ಎಂದು ಮನೆಯವರು ಇಂದಿಗೂ ಹಳೆಯ ಪುಸ್ತಕಗಳಲ್ಲಿ ಹುಡುಕುತ್ತಿರುತ್ತಾರೆ. ಅವಳು ಆಗಾಗ ಫೋನ್ ಮಾಡುತ್ತಾಳೆ. ಕುರಿಗೆ ಬಂದ ರೋಗ, ಮೊಮ್ಮಗನಿಗೆ ಬಂದ ಹಲ್ಲು, ಕಾಲುವೆಗೆ ಇನ್ನೂ ಬಾರದ ನೀರು, ಎಲ್ಲ ಹೇಳುತ್ತಾಳೆ. ಲಿಂಗದ ಮಾತು ಅವಳು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.